ನಾಲ್ಕು ಸುಣ್ಣದ ಕಲ್ಲು

ಅಪ್ಪನ ಮೇಲೆ ಹತ್ತಿಕಟ್ಟಿಗೆ ಒಟ್ಟಿಸಿದ ಮೇಲೆ ಎರಡು ದಿನ ಸಿದ್ದಲಿಂಗೇಶನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಸೇರಿತು. ಆದೋನಿಯಿಂದ ಹೊರಟವನು ಕೋಸಗಿ ದಾರಿಯ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಎರಡು ಪ್ಲೇಟು ಉಗ್ಗಾಣಿ, ಅದರ ಮೇಲೆ ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದು, ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸಿಕೊಳ್ಳುತ್ತ, ದುಃಖ ಇಷ್ಟು ಬೇಗ ಜೀರ್ಣವಾಗುವುದಾದರೆ ಮೊದಲ ದಿನವೇ ತಿನ್ನಬಹುದಿತ್ತಲ್ಲ ಎಂದುಕೊಂಡ. ದುಃಖವೂ ಅಲ್ಲ ಅದು. ಅಪ್ಪ ಮರಿಬಸಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ಕಟ್ಟಿಗೆ ಬಿದ್ದದ್ದು ಹೊಳೆದಂಡೆಯ ಹೊಲದಲ್ಲಿದ್ದ ಅವನ ಸಮಾಧಿಯ ಮೇಲೆ. ಒಟ್ಟಿದವನು ಹೊಲ ನೋಡಿಕೊಳ್ಳುವ ದುರುಗಣ್ಣ, ಒಟ್ಟು ಎಂದು ಫೋನಿನಲ್ಲಿ ಹೇಳಿದವನು ತಾನು, ಹೇಳು ಎಂದು ಕಿವಿಯಲ್ಲಿ ಊದಿದವನು ಈಗ ಪಕ್ಕದ ಸೀಟಿನಲ್ಲಿ ಕೂತು ಹಲ್ಲಿನ ಸಂದಿಯಿಂದ ಮೆಣಸಿನ ಬೀಜ ತೆಗೆಯುತ್ತಿರುವ ಬ್ರೋಕರ್ ಬಜಾರಪ್ಪ. ಮೂರು ಜನಕ್ಕೆ ಹಂಚಿದರೆ ಪಾಪ ಅಷ್ಟೇನೂ ದೊಡ್ಡದಿರಲಿಲ್ಲ.

"ಹೈದರಾಬಾದಿನೋರಿಗೆ ವಾಸ್ತು ಅಂದ್ರ ಪ್ರಾಣ ಅಣ್ಣಾ," ಎಂದ ಬಜಾರಪ್ಪ. "ಹೊಲದಾಗ ಹೆಣ ಐತಿ ಅಂದ್ರ ಕಾರಿನಿಂದ ಇಳಿಯೂದಿಲ್ಲ ಅವ್ರು. ಒಂದು ದಿನದ ಮಾತು. ಅಗ್ರಿಮೆಂಟ್ ಆದ ಮ್ಯಾಲ ಮೆಲ್ಲಕ ಹೇಳಿದ್ರಾತು."

ಹೆಣ ಎಂದಾಗ ಸಿಟ್ಟು ಬರಬೇಕಿತ್ತು. ಸಿದ್ದಲಿಂಗೇಶ ಒಂದು ಗಳಿಗೆ ಕಾದು ನೋಡಿದ, ಬರಲಿಲ್ಲ, ಏಸಿಯನ್ನು ಒಂದು ಪಾಯಿಂಟು ಹೆಚ್ಚಿಸಿದ. ಜಾಹೀರಾತು ಬರೆಸಿ ನೆಟ್ಟಿಗೆ ಹಾಕಿಸಿದವನೂ ಬಜಾರಪ್ಪನೇ. 'ಏಕಾಂತ ನದಿ ಕಣಿವೆಯಲ್ಲಿ ಐತಿಹಾಸಿಕ ಕುಟುಂಬದ ಎಸ್ಟೇಟ್ ಮಾರಾಟಕ್ಕಿದೆ.' ಓದಿದಾಗ ಸಿದ್ದಲಿಂಗೇಶನಿಗೇ ಆ ಎಸ್ಟೇಟನ್ನು ಕೊಳ್ಳಬೇಕೆನಿಸಿತ್ತು. ಏಕಾಂತವೆಂದರೆ ಬಸ್ಸಿಲ್ಲ ಎಂದೂ, ಐತಿಹಾಸಿಕವೆಂದರೆ ಮಾಳಿಗೆ ಸೋರುತ್ತದೆ ಎಂದೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ಬೋಳುಗುಡ್ಡಗಳ ನಡುವೆ ಹೊಳೆಯ ಕಡೆ ಇಳಿದ ನಲವತ್ತೆರಡು ಎಕರೆ, ಮುತ್ತಜ್ಜ ಕಟ್ಟಿಸಿದ ಕಲ್ಲಿನ ಮನೆ, ಒಂದು ಬಾವಿ. ಇವನ್ನು ಮಾರಿ ಅವನು ಆದೋನಿ ಬೈಪಾಸಿನಲ್ಲಿ ಫಂಕ್ಷನ್ ಹಾಲು ಕಟ್ಟಿಸುವವನಿದ್ದ. ಹೆಸರೂ ಗೊತ್ತುಮಾಡಿಯಾಗಿತ್ತು: ಶ್ರೀ ಮರಿಬಸಪ್ಪ ಸ್ಮಾರಕ ಏಸಿ ಫಂಕ್ಷನ್ ಹಾಲ್. ಅಪ್ಪನ ನೆನಪಿಗೆ ಕಟ್ಟುವ ಹಾಲಿಗೆ ಅಪ್ಪ ಕೂತ ಜಾಗ ಅಡ್ಡ ಬರುತ್ತಿದೆ ಎಂಬ ವಿಚಾರ ತಲೆಗೆ ಬಂದಾಗಲೆಲ್ಲ ಅವನು ಬೋರ್ಡಿನ ಅಕ್ಷರ ಯಾವ ಬಣ್ಣದ್ದಿರಬೇಕು ಎಂದು ಯೋಚಿಸುತ್ತಿದ್ದ.

ಅವರ ಕುಲದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಹೂಳುವುದು. ಮರಿಬಸಪ್ಪನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಇದೇ ದಾರಿಯಲ್ಲಿ ತಂದಿದ್ದರು. ಹಿಂದೆ ನಿಂತು ತಲೆ ಹಿಡಿದುಕೊಂಡವನು ಸಿದ್ದಲಿಂಗೇಶ. ತಗ್ಗು ಬಂದಾಗಲೆಲ್ಲ ತಲೆ ಅವನ ಕೈಯಲ್ಲಿ ಅತ್ತಿತ್ತ ಆಡುತ್ತಿತ್ತು, ಹೇಳಿದ ರೇಟಿಗೆ ಒಲ್ಲೆ ಒಲ್ಲೆ ಅಂದ ಹಾಗೆ. ಮಾರ್ಕೆಟ್ ಯಾರ್ಡಿನಲ್ಲೂ ಅಪ್ಪ ತಲೆ ಆಡಿಸುತ್ತಿದ್ದದ್ದು ಹೀಗೆಯೇ. ಹತ್ತಿಯ ಎಳೆಯನ್ನು ಎರಡು ಹೆಬ್ಬೆರಳ ನಡುವೆ ಎಳೆದು ಉದ್ದ ಹೇಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ಸಿದ್ದಲಿಂಗೇಶ ಒಂದು ಎಳೆ ಎಳೆದು ಒಳ್ಳೆ ಮಾಲು ಎಂದಿದ್ದ. ಅಪ್ಪ ಅದನ್ನು ಇಸಿದುಕೊಂಡು, ಊದಿ ಹಾರಿಸಿ, ಹಮಾಲರ ಮುಂದೆ, "ಇವನ್ನ ನೋಡ್ರೋ, ದಿಂಬಿನ ಹತ್ತಿಗೆ ಎಳಿ ಹುಡುಕ್ಯಾನ" ಎಂದು ನಕ್ಕಿದ್ದ. ಹಮಾಲರೂ ನಕ್ಕರು. ಅವರಲ್ಲಿ ಮೂವರು ಈಗ ಸತ್ತಿದ್ದಾರೆ, ಆದರೆ ನಗು ಮಾತ್ರ ಹಾಗೇ ಉಳಿದಿದೆ. ಆ ದೊಡ್ಡ ಜಾಣ ವ್ಯಾಪಾರಿ ರಾತ್ರೋರಾತ್ರಿ ಹತ್ತಿ ತುಂಬಿದ ಅಂಡಿಗೆಗಳಿಗೆ ನೀರು ಚಿಮುಕಿಸಿ ತೂಕ ಏರಿಸುತ್ತಿದ್ದ ಎಂಬುದನ್ನು ಮಾತ್ರ ಯಾರೂ ನಗುತ್ತ ಹೇಳುತ್ತಿರಲಿಲ್ಲ.

ಅವ್ವ ಗುರುಬಸಮ್ಮ ಬೆಳಿಗ್ಗೆ ಬಾಗಿಲ ತನಕ ಬಂದು ವಿಭೂತಿಯ ಗಟ್ಟಿ ಕೈಯಲ್ಲಿಟ್ಟಿದ್ದಳು. ಎಂಬತ್ತು ದಾಟಿದ್ದರೂ ಅವಳ ಸೈ ಇಲ್ಲದೆ ಹೊಲ ಕದಲುವಂತಿರಲಿಲ್ಲ, ಅರ್ಧ ಅವಳ ಹೆಸರಿಗಿತ್ತು. ಮಾರುತ್ತೇನೆಂದಾಗ ಅವಳು ಅಳಲಿಲ್ಲ, ಬೈಯಲಿಲ್ಲ. "ಮಾರು," ಎಂದಿದ್ದಳು. "ಹೊಲ ಏನ್ ನನ್ನ ಕೂಡ ಬರತೈತಿ? ನಾನು ಹೊಲದ ಕೂಡ ಹೋಗಬೇಕು, ಅಷ್ಟ." ಅಪ್ಪನನ್ನು ಹೂತ ದಿನವೇ ಅವಳು ದುರುಗಣ್ಣನನ್ನು ಕರೆದು ಸಮಾಧಿಯ ಎಡಕ್ಕೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹುಗಿಸಿದ್ದಳು. ಬೀಗರು ನೋಡುತ್ತಿದ್ದರು, ಸಿದ್ದಲಿಂಗೇಶನಿಗೆ ನಾಚಿಕೆಯಾಗಿತ್ತು. ಬಸ್ಸಿನ ಸೀಟಿಗೆ ಟವೆಲ್ ಹಾಕುವವರ ಹಾಗೆ ಇದೇನವ್ವಾ ಎಂದು ಗದರಿದ್ದ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಜೀವ ಇರೂತನಕ ನಿಮ್ಮಪ್ಪ ಗಾದಿ ಮ್ಯಾಲ ಕುಂತ, ನಾನು ಅಡಿಗಿಮನಿ ಬಾಗಲಾಗ ನಿಂತೆ. ಒಂದ್ಸಲನೂ ಬಾಜೂಕ ಕುಂಡ್ರು ಅನಲಿಲ್ಲ. ಇಲ್ಲರ ಕುಂಡ್ರತೀನಿ ತಗಿ," ಎಂದಿದ್ದಳು. ಇವತ್ತು ಬೆಳಿಗ್ಗೆ ಮತ್ತೆ ಹೇಳಿದಳು: "ಸೋಮವಾರ ಸೈ ಮಾಡತೀನಿ. ಆದ್ರ ನಿಮ್ಮಪ್ಪನ ಜಾಗ, ನನ್ನ ಜಾಗ, ಹೋಗಿಬರಾಕ ಹಾದಿ, ಇಷ್ಟು ಬಿಟ್ಟು ಮಾರು. ಇವತ್ತ ಅವರ ಮುಂದ ಬಾಯಿ ಬಿಟ್ಟು ಹೇಳು. ಹೇಳ್ತಿ ಹೌದಿಲ್ಲೊ?" ಹೇಳುತ್ತೇನೆಂದ. ಹೇಳಬೇಕೆಂದು ನಿಜವಾಗಿಯೂ ಇತ್ತು. "ಮತ್ತ ಚಪ್ಪಲಿ ಬಿಟ್ಟು ಹೋಗು. ಮರಿಬ್ಯಾಡ," ಎಂದಳು, ಅವನಿನ್ನೂ ಶಾಲೆಗೆ ಹೊರಟವನೋ ಎಂಬಂತೆ. ಅವನಿಗೆ ಐವತ್ತಮೂರು.

ಹೊಲದ ಮನೆಯ ಮುಂದೆ ದುರುಗಣ್ಣ ಒಬ್ಬನೇ ಇದ್ದ. ಅವನ ಹೆಂಡತಿ ಕೊಂಡಮ್ಮ ಊರಿನ ಹೆಂಗಸರ ಜೊತೆ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗಿದ್ದಳು. ಮಗಿಯಲ್ಲಿ ನೀರು ಕೊಟ್ಟು, ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

"ಹೇಳಿದಂಗ ಒಟ್ಟೀನ್ರಿ ಸಾವ್ಕಾರ್ರ. ಎರಡು ಬಂಡಿ ಹಿಡೀತು. ನಿಮ್ಮಪ್ಪಾರು ಎತ್ತರ ಇದ್ರಲ್ರಿ."

"ಸಾಕು, ಸಾಕು," ಎಂದ ಸಿದ್ದಲಿಂಗೇಶ.

"ಒಟ್ಟೂ ಮುಂದ, ತಪ್ಪಾತ್ರಿ ಯಪ್ಪಾ ಅಂತ ಕೈ ಮುಗದೀನಿ. ನಿಮ್ಮ ಹೆಸರ್ಲೇ ಮುಗದೀನಿ. ನನ್ನ ಹೆಸರ್ಲೇ ಯಾಕ ಮುಗೀಲಿ?"

ಅವನ ಮುಖದಲ್ಲಿ ನಗುವಿರಲಿಲ್ಲ. ಅದೇ ತೊಂದರೆ ಅವನದು, ನಕ್ಕಿದ್ದರೆ ಬೈಯಬಹುದಿತ್ತು. ಸಿದ್ದಲಿಂಗೇಶ ಹಿತ್ತಲ ಕಡೆ ನೋಡಲಿಲ್ಲ. ನೋಡದೆಯೇ ಕಟ್ಟಿಗೆಯ ರಾಶಿ ಎಷ್ಟು ಎತ್ತರವಿದೆ, ಅದರ ಕೆಳಗೆ ಸುಣ್ಣ ಬಳಿದ ಕಟ್ಟೆ, ಕಟ್ಟೆಯ ಮೇಲೆ ಲಿಂಗ, ಎದುರಿನ ಗೂಡಿನಲ್ಲಿ ಆರಿದ ಹಣತೆ, ಎಲ್ಲವೂ ಬೆನ್ನಿಗೆ ಗೊತ್ತಾಗುತ್ತಿತ್ತು. ಗೂಡಿನ ಮೇಲೆ ಹೆಸರಿನ ಕಲ್ಲು ಕೂರಿಸಲು ಖಾಲಿ ಬಿಟ್ಟ ಜಾಗ ಖಾಲಿಯೇ ಇತ್ತು. ಮಾರ್ಬಲ್ಲಿನಲ್ಲಿ ಹೆಸರು ಕೆತ್ತಿಸಿ ಹತ್ತು ವರ್ಷವಾಗಿತ್ತು. ಅದು ಆದೋನಿಯ ಕಲ್ಲಿನಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಪ್ರತಿ ಶಿವರಾತ್ರಿಗೂ ತರಬೇಕು ಎಂದುಕೊಳ್ಳುವುದು, ಡಿಕ್ಕಿಯಲ್ಲಿ ಬೇರೆ ಸಾಮಾನಿರುವುದು.

ಹಾರಿಕಾ ಹನ್ನೊಂದಕ್ಕೆ ಬಂದಳು. ಮೂವತ್ತೈದರ ಹೆಣ್ಣುಮಗಳು, ಅಗಲ ಟೊಪ್ಪಿಗೆ, ಕಾಲಿಗೆ ಬಿಳಿ ಬೂಟು. ಹೈದರಾಬಾದಿನ ದಣಿದ ಜನರನ್ನು ಕರೆತಂದು ಉಸಿರಾಡುವುದನ್ನು ಕಲಿಸುವ ಕಂಪನಿ ಅವಳದು. ಅದಕ್ಕೆ ಹಳೆಯ ಮನೆ, ಹೊಳೆ, ಸದ್ದಿಲ್ಲದ ಜಾಗ ಬೇಕಿತ್ತು. ಎಲ್ಲರಿಗೂ ತೆಲುಗಿನಲ್ಲಿ ನಮಸ್ಕಾರ ಹೇಳಿ ಎಲ್ಲದರ ಬಗ್ಗೆಯೂ ಒಂದು ಪ್ರಶ್ನೆ ಕೇಳುತ್ತಿದ್ದಳು ಮತ್ತು ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ಈ ಅಭ್ಯಾಸ ಸಿದ್ದಲಿಂಗೇಶನಿಗೆ ಹೆದರಿಕೆ ಹುಟ್ಟಿಸಿತು. ಆದೋನಿಯಲ್ಲಿ ಉತ್ತರವನ್ನು ಪೂರ್ತಿ ಕೇಳುವವರು ಇನ್‌ಕಂ ಟ್ಯಾಕ್ಸಿನವರು ಮಾತ್ರ. ಮನೆ ತೋರಿಸಿದ. ಮುತ್ತಜ್ಜನ ಕಾಲದಲ್ಲಿ ಇಲ್ಲಿ ದೊರೆಗಳು ಇಳಿದುಕೊಳ್ಳುತ್ತಿದ್ದರು ಎಂದ. ಯಾವ ದೊರೆ ಎಂದಳು. ದೊಡ್ಡ ದೊರೆ ಎಂದ. ಅವಳು ತೊಲೆಯ ಮೇಲಿನ ಗಿಳಿಯ ಕೆತ್ತನೆಯನ್ನು ಫೋಟೋ ಹಿಡಿದಳು. ಅಲ್ಲಿ ಗಿಳಿ ಇರುವುದು ಅವನಿಗೆ ಅವತ್ತೇ ಗೊತ್ತಾದದ್ದು. ಬಾವಿ ಎಷ್ಟು ಆಳ ಎಂದಳು, ಅವನು ದುರುಗಣ್ಣನ ಮುಖ ನೋಡಿದ. ಹೊಳೆಗೆ ಹೋಗುವ ಹಾದಿ ಯಾವುದು ಎಂದಳು, ಅವನು ಧೈರ್ಯ ಮಾಡಿ ಕೈ ತೋರಿಸಿದ. "ಅದು ಗುಡ್ಡಕ್ಕ ಹೋಗತೈತ್ರಿ," ಎಂದ ದುರುಗಣ್ಣ. ತನ್ನದೇ ಹೊಲದಲ್ಲಿ ಬೀಗರ ಮನೆಗೆ ಬಂದವನ ಹಾಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಸಿದ್ದಲಿಂಗೇಶ ಅಂಗಿಯ ತುದಿಯ ದಾರವನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆಯುತ್ತಿದ್ದ.

ಹೊಳೆ ನೋಡಿ ಮರಳುವಾಗ ಅವಳು ಹಿತ್ತಲ ಕಡೆಯಿಂದ ಬಂದಳು. ಬಜಾರಪ್ಪ ಮುಂದೆ ಓಡಿ, ಈ ಕಡೆ ಮುಳ್ಳು ಮೇಡಂ, ಈ ಕಡೆ ಹಾವು ಮೇಡಂ ಎಂದು ಎರಡು ಕೈ ಅಗಲಿಸಿದ. ಅವಳು ನಿಂತದ್ದು ಕಟ್ಟಿಗೆಯ ರಾಶಿಯನ್ನು ನೋಡಿ ಅಲ್ಲ. ಅದರ ಪಕ್ಕದಲ್ಲಿ ಗುಡಿಸಿ ಸಾರಿಸಿದ ಒಂದು ತುಂಡು ನೆಲವಿತ್ತು, ನಾಲ್ಕು ಮೂಲೆಯಲ್ಲಿ ನಾಲ್ಕು ಕಲ್ಲು, ಕಲ್ಲಿಗೆ ಈಚೆಗೆ ಬಳಿದ ಸುಣ್ಣ. ಅಪ್ಪನನ್ನು ಮುಚ್ಚಿಸುವ ಗಡಿಬಿಡಿಯಲ್ಲಿ ಸಿದ್ದಲಿಂಗೇಶನಿಗೆ ಅವ್ವನ ಜಾಗ ನೆನಪೇ ಆಗಿರಲಿಲ್ಲ. ದುರುಗಣ್ಣನನ್ನು ಸಿಟ್ಟಿನಿಂದ ನೋಡಿದ. "ಅಮ್ಮಾರು ಫೋನ್ ಮಾಡಿದ್ರಿ," ಎಂದ ದುರುಗಣ್ಣ ಮೆಲ್ಲಗೆ. "ಅಮಾಸಿಗೊಮ್ಮೆ ಮಾಡತಾರ. ಸುಣ್ಣ ಹಚ್ಚು ಅಂದ್ರು, ಹಚ್ಚೀನಿ. ಮುಚ್ಚು ಅಂತ ನೀವು ಹೇಳಲಿಲ್ಲ." ಅಷ್ಟರಲ್ಲಿ ಹಾರಿಕಾ ಬಗ್ಗಿ, ಕಟ್ಟಿಗೆಯ ಸಂದಿಯಲ್ಲಿ ಕಂಡ ಹಣತೆಯ ಗೂಡಿಗೆ ಕೈ ಹಾಕಿದ್ದಳು. "ಲೋಪಲ ಏದೋ ಉಂದಿ ಸಾರ್," ಎಂದಳು, ಒಳಗೇನೋ ಇದೆ. ಅವಳೇ ಒಂದೊಂದು ಕಡ್ಡಿ ಎಳೆಯತೊಡಗಿದಳು. ದುರುಗಣ್ಣ ಒಂದು ಗಳಿಗೆ ಸಿದ್ದಲಿಂಗೇಶನ ಕಡೆ ನೋಡಿ, ಹೂಂ ಅನ್ನುವ ಮೊದಲೇ ಚಪ್ಪಲಿ ಕಳಚಿ ರಾಶಿಗೆ ಕೈ ಹಚ್ಚಿದ. ಎರಡು ಬಂಡಿ ಕಟ್ಟಿಗೆ ಒಟ್ಟಲು ಒಂದು ದಿನ ಹಿಡಿದಿತ್ತು, ತೆಗೆಯಲು ಕಾಲು ಗಂಟೆಯೂ ಹಿಡಿಯಲಿಲ್ಲ.

ಕಟ್ಟೆ ಬಿಸಿಲಿಗೆ ಬಂದಿತು. ಲಿಂಗದ ಮೇಲೆ ಹತ್ತಿಯ ಒಣ ಸಿಪ್ಪೆಗಳು ಬಿದ್ದಿದ್ದವು. ಹಾರಿಕಾ ಬೂಟು ಬಿಚ್ಚಿ ದೂರ ಸರಿಸಿ, ಮೊಳಕಾಲೂರಿ, ತನ್ನ ದುಪಟ್ಟಾದಿಂದ ಅವನ್ನು ಒರೆಸಿದಳು. ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷದಲ್ಲಿ ತಾನು ಒಮ್ಮೆಯಾದರೂ ಅಪ್ಪನ ಧೂಳು ಒರೆಸಿದ್ದು ಸಿದ್ದಲಿಂಗೇಶನಿಗೆ ನೆನಪಿರಲಿಲ್ಲ. ಈಗ ಹೇಳಬೇಕು. ಇದು ನಮ್ಮಪ್ಪ, ಪಕ್ಕದಲ್ಲಿ ನಮ್ಮವ್ವ ಕೂರುತ್ತಾಳೆ, ಇಷ್ಟು ಬಿಟ್ಟು ಉಳಿದದ್ದು ನಿಮ್ಮದು. ಮೂರು ವಾಕ್ಯ. ಬಾಯಿ ತೆರೆದ. "ಎವರಿ ಸಮಾಧಿ?" ಎಂದು ಅವಳು ತಲೆಯೆತ್ತಿದಳು, ಯಾರದು. ಅವಳ ಕಣ್ಣಿನಲ್ಲಿ ಹೆದರಿಕೆಯಿರಲಿಲ್ಲ, ವಾಸ್ತುವಿರಲಿಲ್ಲ, ಆಸೆಯಿತ್ತು. ಗಿರಾಕಿಯ ಕಣ್ಣು ಅರಳಿದ ಗಳಿಗೆ ಬೇರೆ ಯಾವುದನ್ನೂ ನೋಡಬಾರದು ಎಂದು ಅಪ್ಪ ಸಾವಿರ ಸಲ ಹೇಳಿಕೊಟ್ಟಿದ್ದ, ಸಾವಿರ ಸಲವೂ ಮಗನಿಗೆ ಆ ಗಳಿಗೆ ಕಂಡಿರಲಿಲ್ಲ. ಈಗ ಕಂಡಿತು. ಜೀವನದಲ್ಲಿ ಮೊದಲ ಸಲ ಎಳೆಯ ಉದ್ದ ಸರಿಯಾಗಿ ಗೊತ್ತಾಯಿತು.

"ಒಬ್ಬ ಸಿದ್ಧರದು," ಎಂದ.

ಬಜಾರಪ್ಪ ಕೆಮ್ಮಿದ. ಯಾವ ಸಿದ್ಧರು, ಎಷ್ಟು ಹಳೆಯದು ಎಂದು ಹಾರಿಕಾ ಕೇಳಿದಳು. ಮರಿಸಿದ್ಧರು. ನಾಲ್ಕುನೂರು ವರ್ಷ. ಇಲ್ಲೇ ಜೀವಂತ ಸಮಾಧಿಯಾದರು. ಶ್ರೀಶೈಲದಿಂದ ನಡೆದು ಬಂದವರು. ನಮ್ಮ ಮನೆತನ ಈ ಹೊಲದಲ್ಲಿ ನೆಲೆಸಿದ್ದೇ ಅವರ ಆಶೀರ್ವಾದದಿಂದ. ಮಾತು ನೀರಿನ ಹಾಗೆ ಹರಿಯಿತು, ಯಾವುದಕ್ಕೂ ದುರುಗಣ್ಣನ ಮುಖ ನೋಡಬೇಕಾಗಲಿಲ್ಲ. ಇಷ್ಟು ದಿನ ಸಮಾಧಿಯಾಗಿದ್ದದ್ದು ಅವನ ಬಾಯಲ್ಲಿ ಗದ್ದಿಗೆಯಾಯಿತು. ಹೆಸರಿನ ಕಲ್ಲು ತಾರದೆ ಇದ್ದದ್ದು ಎಂಥ ಒಳ್ಳೆಯದಾಯಿತು ಎಂದುಕೊಂಡ, ಸೋಮಾರಿತನಕ್ಕೂ ಒಂದು ಯೋಗ ಬೇಕು. ಮತ್ತೆ ಕಟ್ಟಿಗೆ ಯಾಕೆ ಮುಚ್ಚಿದ್ದೀರಿ ಎಂದಳು. ಎಲ್ಲರ ಕಣ್ಣೂ ಬೀಳಬಾರದೆಂದು ಎಂದ. ಅವಳು ತಲೆದೂಗಿ ಅದನ್ನೂ ಫೋನಿನಲ್ಲಿ ಬರೆದುಕೊಂಡಳು. ಬಜಾರಪ್ಪ ಈಗ ಅವನನ್ನು ಹೊಸ ಗೌರವದಿಂದ ನೋಡುತ್ತಿದ್ದ, ಕಮಿಷನ್ನು ಏರಿಸಿದವನನ್ನು ನೋಡುವ ಗೌರವ. ಅಪ್ಪ ಇದ್ದಿದ್ದರೆ ಇವತ್ತು ಹಮಾಲರನ್ನೆಲ್ಲ ಕರೆದು ತೋರಿಸುತ್ತಿದ್ದ ಎಂದು ಸಿದ್ದಲಿಂಗೇಶನಿಗೆ ಅನ್ನಿಸಿ ಕಣ್ಣು ಸ್ವಲ್ಪ ಒದ್ದೆಯಾಯಿತು. ಅಪ್ಪ ಇದ್ದ, ಎರಡು ಮೊಳ ದೂರದಲ್ಲಿ, ಕೂತೇ ಇದ್ದ.

ಹಾರಿಕಾ ದುರುಗಣ್ಣನ ಕಡೆ ತಿರುಗಿದಳು. ಈ ಸ್ವಾಮಿಯ ಮಹಿಮೆ ಏನಾದರೂ ಕೇಳಿದ್ದೀಯಾ ಪೆದ್ದಾಯನಾ, ಹಿರಿಯನೇ, ಎಂದಳು. ಈ ಮುದುಕ ಸಮಾಧಿಯ ಗುಣಿ ತೋಡಿದವನು, ಒಂದು ಮಾತಿನಲ್ಲಿ ನಾಲ್ಕುನೂರು ವರ್ಷವನ್ನು ಹನ್ನೊಂದಕ್ಕೆ ಇಳಿಸಬಲ್ಲವನು. ದುರುಗಣ್ಣ ಕಟ್ಟೆಯನ್ನು ನೋಡಿದ, ಸಾವಕಾರನನ್ನು ನೋಡಿದ, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಚಾಲಾ ಮಹಿಮ ಅಮ್ಮಾ," ಎಂದ. "ಆಯನ ಚೇತಿಲೋ ನೀಳ್ಳು ಪತ್ತಯ್ಯೇವಿ."

ಬಹಳ ಮಹಿಮೆ, ಆತನ ಕೈಯಲ್ಲಿ ನೀರು ಹತ್ತಿಯಾಗುತ್ತಿತ್ತು. ಹಾರಿಕಾ ಅಬ್ಬಾ ಎಂದು ಎದೆಗೆ ಕೈಯಿಟ್ಟುಕೊಂಡು ಮತ್ತೊಂದು ಸಲ ಹೇಳಿಸಿ ರೆಕಾರ್ಡು ಮಾಡಿಕೊಂಡಳು. ದುರುಗಣ್ಣ ಮತ್ತೊಂದು ಸಲವೂ ಅದೇ ಮುಖದಲ್ಲಿ ಹೇಳಿದ, ನಾಲ್ಕು ಕೊಡ ನೀರಿಗೆ ಒಂದು ಅಂಡಿಗೆ ಎಂದು ಲೆಕ್ಕವನ್ನೂ ಸೇರಿಸಿದ. ಸಿದ್ದಲಿಂಗೇಶನಿಗೆ ಹಮಾಲರ ನಗು ಗುಡ್ಡದ ಕಡೆಯಿಂದ ಮತ್ತೆ ಕೇಳಿಸಿದಂತಾಯಿತು. ಆದರೂ ದುರುಗಣ್ಣ ಬಾಯಿ ಬಿಡಲಿಲ್ಲವಲ್ಲ, ಆ ಸಮಾಧಾನ ದೊಡ್ಡದಿತ್ತು.

ಅವಳು ಎದ್ದು ಕೈ ತೋರಿಸುತ್ತ ನಡೆದಳು. ಇಲ್ಲಿ ಹುಲ್ಲಿನ ಚಪ್ಪರ, ಇಲ್ಲಿ ಜನ ಕಣ್ಣು ಮುಚ್ಚಿ ಕೂರುತ್ತಾರೆ, ಇಲ್ಲಿ ಬೆಳಗಿನ ದೀಪ. ಗದ್ದಿಗೆಯನ್ನು ಮುಟ್ಟುವುದಿಲ್ಲ, ಒಂದು ಇಟ್ಟಿಗೆಯನ್ನೂ ಕದಲಿಸುವುದಿಲ್ಲ, ನೀವು ಚಿಂತೆ ಮಾಡಬೇಡಿ ಎಂದಳು. ಅವಳಿಗಿಂತ ಒಳ್ಳೆಯವರು ಅಪ್ಪನಿಗೆ ಸಿಗುವುದಿಲ್ಲ ಎಂಬುದು ಸಿದ್ದಲಿಂಗೇಶನಿಗೆ ಖಾತ್ರಿಯಾಯಿತು. ಆಮೇಲೆ ಅವಳು ನಾಲ್ಕು ಕಲ್ಲಿನ ಹತ್ತಿರ ನಿಂತಳು.

"ಈ ನಾಲುಗು ರಾಳ್ಳು ಎಂದುಕು ಸಾರ್?" ಎಂದಳು, ಈ ನಾಲ್ಕು ಕಲ್ಲು ಯಾಕೆ.

ದುರುಗಣ್ಣನೂ ಈಗ ಅವನನ್ನೇ ನೋಡುತ್ತಿದ್ದ. ಮೊದಲ ಸಲ ಅವನ ಮುಖದಲ್ಲಿ ಏನೋ ಇತ್ತು. ನಗುವಲ್ಲ, ಬೇಡಿಕೊಳ್ಳುವ ಹಾಗಿತ್ತು. ಇನ್ನೂ ಹೇಳಬಹುದು ಎಂದುಕೊಂಡ ಸಿದ್ದಲಿಂಗೇಶ. ಏನೆಂದು? ಶ್ರೀಶೈಲದಿಂದ ನಡೆದು ಬಂದ ಮರಿಸಿದ್ಧರ ಎಡಗಡೆ, ನಾಲ್ಕುನೂರು ವರ್ಷ ಬಿಟ್ಟು, ಆದೋನಿಯ ಹತ್ತಿ ವ್ಯಾಪಾರಿಯ ಹೆಂಡತಿ ಗುರುಬಸಮ್ಮ ಯಾವ ಸಂಬಂಧದಿಂದ ಬಂದು ಕೂರುತ್ತಾಳೆ? ಅವಳನ್ನು ಶಿಷ್ಯೆ ಮಾಡಬಹುದೇ? ಜೀವಂತ ಇದ್ದಾಳೆ. ಅಪ್ಪನನ್ನು ಸಿದ್ಧ ಮಾಡಿದ ಬಾಯಿಯೇ ಅವ್ವನನ್ನು ಅವನ ಪಕ್ಕದಿಂದ ಎಬ್ಬಿಸಿಬಿಟ್ಟಿತ್ತು, ಅದು ಅವನಿಗೆ ಈಗ ತಿಳಿಯಿತು. ನಾಲ್ಕು ನಿಮಿಷದ ಹಿಂದೆ ತಿಳಿದಿದ್ದರೆ? ಆಗಲೂ ಅದನ್ನೇ ಹೇಳುತ್ತಿದ್ದೆನೇನೋ ಎಂಬ ಅನುಮಾನ ಬಂದು, ಅದನ್ನು ನೋಡಲಾರದೆ, ಅಂಗಿಯ ದಾರ ಎಳೆದ. ಅದು ಕಿತ್ತು ಬಂದಿತು.

"ಏಮೀ ಲೇದಂಡಿ," ಎಂದ. ಏನೂ ಇಲ್ಲ.

"ಅಯಿತೇ ಚೆಪ್ಪುಲು ಇಕ್ಕಡ ವಿಡವಚ್ಚು," ಎಂದಳು ಹಾರಿಕಾ. ನೆಲ ಹೇಗೂ ಸ್ವಚ್ಛವಿದೆ, ಅಳತೆ ಹಾಕಿದಂತಿದೆ, ಬರುವವರೆಲ್ಲ ಇಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬಹುದು. ದೂರ ಇಟ್ಟಿದ್ದ ತನ್ನ ಬಿಳಿ ಬೂಟುಗಳನ್ನು ತಂದು ಕಲ್ಲುಗಳ ನಡುವೆ ಜೋಡಿಸಿಟ್ಟಳು. ಬಜಾರಪ್ಪ ತನ್ನವನ್ನು ಒದ್ದು ಕಳಚಿದ, ಒಂದು ಮಗುಚಿ ಬಿತ್ತು. ರಂಡಿ ಸಾರ್, ಬನ್ನಿ, ನಿಮ್ಮ ಸ್ವಾಮಿ, ನೀವಿಲ್ಲದೆ ಹೇಗೆ, ಒಂದು ಫೋಟೋ ಎಂದು ಅವಳು ಕರೆದಳು. ಸಿದ್ದಲಿಂಗೇಶ ನೋಡಿದ: ದುರುಗಣ್ಣ ಮೊದಲೇ ಕಳಚಿದ್ದ ತನ್ನ ಹರಕು ಚಪ್ಪಲಿಗಳನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಅವನನ್ನು ಯಾರೂ ಫೋಟೋಕ್ಕೆ ಕರೆಯಲಿಲ್ಲ. ಸಿದ್ದಲಿಂಗೇಶ ಸಾರಿಸಿದ ನೆಲದ ಮೇಲೆ ಕಾಲಿಟ್ಟು, ಸಾಧ್ಯವಾದಷ್ಟು ಒಂದು ಮೂಲೆಗೆ, ತನ್ನ ಚಪ್ಪಲಿ ಬಿಟ್ಟ. ಕರಿ ಮಣ್ಣು ಕಾದಿತ್ತು, ಅಪ್ಪನ ತನಕ ಆರು ಹೆಜ್ಜೆ ಅಂಗಾಲು ಸುಟ್ಟವು.

ಕೈ ಮುಗಿದು ನಿಂತಿದ್ದಾಗಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವ್ವ. ಎತ್ತದಿದ್ದರೆ ಅವಳು ಮುಂದೆ ದುರುಗಣ್ಣನಿಗೆ ಮಾಡುತ್ತಾಳೆ. ಎತ್ತಿದ.

"ಬಂದಾರೇನೋ ಅವ್ರು? ಹೇಳಿದೇನು?"

"ಹೇಳೀನವ್ವಾ."

"ಒಪ್ಪಿದ್ರಾ?"

"ಅವ್ರು ಒಂದ್ ಇಟ್ಟಂಗಿ ಸೈತ ಮುಟ್ಟೂದಿಲ್ಲಂತ. ಭಾಳ ಛಲೋ ಮಂದಿ."

ಆ ಕಡೆ ಅವಳು ಉಸಿರುಬಿಟ್ಟದ್ದು ಕೇಳಿಸಿತು. "ನನ್ನ ಜಾಗ ನೋಡಿದೇನು? ದುರುಗ ಸುಣ್ಣ ಹಚ್ಯಾನಾ?"

"ಹಚ್ಯಾನ. ಸ್ವಚ್ಛ ಐತಿ."

"ಚಪ್ಪಲಿ ಬಿಟ್ಟೇನು?"

ಸಿದ್ದಲಿಂಗೇಶ ತಿರುಗಿ ನೋಡಿದ. ನಾಲ್ಕು ಸುಣ್ಣದ ಕಲ್ಲುಗಳ ನಡುವೆ ಮೂರು ಜೊತೆ ಇದ್ದವು.

"ಬಿಟ್ಟೀನವ್ವಾ," ಎಂದ. ಆ ಮಾತು ನಿಜವೇ ಆಗಿತ್ತು.

"ಛಲೋ ಆತು," ಎಂದಳು ಗುರುಬಸಮ್ಮ. "ಸೋಮವಾರ ಸೈ ಮಾಡಾಕ ಎಷ್ಟೊತ್ತಿಗೆ ತಯಾರಾಗ್ಲಿ?"